ಹೆರಿಗೆ ರಿಜಿಸ್ಟರಿನಲ್ಲಿ ಇಲ್ಲದ ಕಾಲಂ: ಒಂದು ‘ಸಿಸ್ಟರ್ ಆಸ್ಪತ್ರೆ’ಯ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿರುವ ಕ್ಯಾಥೊಲಿಕ್ ಆಸ್ಪತ್ರೆಯ ಪ್ರಕರಣವಿದು. ಊರಿನ ಹೆಸರನ್ನಾಗಲಿ, ಆಸ್ಪತ್ರೆ ನಡೆಸುವ ಕನ್ಯಾಸ್ತ್ರೀಯರ ಸಭೆಯ, ಅಂದರೆ ಅವರ ಧಾರ್ಮಿಕ ಸಂಘದ, ಹೆಸರನ್ನಾಗಲಿ ಹೇಳುವುದಿಲ್ಲ. ವರ್ಷಗಳನ್ನು ಕೊಂಚ ಹಿಂದೆಮುಂದೆ ಮಾಡಿದ್ದೇನೆ, ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ, ಒಂದು ಕಡೆ ಇಬ್ಬರು ಸಿಸ್ಟರುಗಳನ್ನು ಒಬ್ಬರನ್ನಾಗಿಸಿದ್ದೇನೆ. ಆಸ್ಪತ್ರೆಯವರು ಓದಿ, ಎರಡು ಕಡೆ ತಿದ್ದಿಸಿ, ಆಮೇಲೆ ಒಪ್ಪಿಗೆ ಕೊಟ್ಟರು. ನಾನು ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ಕ್ರೈಸ್ತನಲ್ಲ. ಸಲಹಾ ಸಮಿತಿಗೆ ನನ್ನನ್ನು ಕರೆದದ್ದು ರಿಜಿಸ್ಟರು ನೋಡಿ ಅಭ್ಯಾಸವಿರುವ ಮನುಷ್ಯ ಎಂಬ ಒಂದೇ ಕಾರಣಕ್ಕೆ. ಸಣ್ಣ ಊರುಗಳಲ್ಲಿ ಮಿಷನ್ ಆಸ್ಪತ್ರೆಯನ್ನೋ ಟ್ರಸ್ಟ್ ಆಸ್ಪತ್ರೆಯನ್ನೋ ಉಳಿಸಲು ಹೆಣಗುತ್ತಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಆಸ್ಪತ್ರೆಯ ಬೋರ್ಡಿನ ಮೇಲೆ ಒಬ್ಬ ಸಂತಳ ಹೆಸರಿದೆ. ಊರಲ್ಲಿ ಯಾರೂ ಆ ಹೆಸರನ್ನು ಬಳಸುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದು “ಸಿಸ್ಟರ್ ಆಸ್ಪತ್ರೆ ಯಾರ್ರೀ ಇಳಿಯೋರು” ಎಂದೇ. 1960ರ ದಶಕದ ಮೊದಲಲ್ಲಿ ಮೂವರು ಸಿಸ್ಟರುಗಳು ಬಂದು, ಕಾಫಿ ತೋಟದ ಮಾಲೀಕರೊಬ್ಬರು ಬಿಟ್ಟುಕೊಟ್ಟ ಹಂಚಿನ ಮನೆಯಲ್ಲಿ ಡಿಸ್ಪೆನ್ಸರಿ ತೆರೆದರು. ಒಬ್ಬರು ವೈದ್ಯೆ, ಒಬ್ಬರು ನರ್ಸು, ಮೂರನೆಯವರು ಅಡುಗೆ ಮತ್ತು ಲೆಕ್ಕ. ಮೊದಲ ಮಳೆಗಾಲದಲ್ಲಿ ರಸ್ತೆ ಕಡಿದು, ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದದ್ದನ್ನು ಹಳಬರು ಈಗಲೂ ಹೇಳುತ್ತಾರೆ.

ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವುದು ಈಗ ನಮ್ಮ ಕಣ್ಣಿಗೆ ಸಹಜ. ನೂರು ವರ್ಷದ ಹಿಂದೆ ಅದು ಅವರ ಚರ್ಚೇ ಒಪ್ಪದ ಕೆಲಸ. ವ್ರತ ತೊಟ್ಟ ಸಿಸ್ಟರ್ ರೋಗಿಯ ಮೈ ಒರೆಸಬಹುದಿತ್ತು, ಗಾಯ ಕಟ್ಟಬಹುದಿತ್ತು. ರೋಮಿನ ವಿಶೇಷ ಅನುಮತಿ ಇಲ್ಲದೆ ವೈದ್ಯಕೀಯ ನಡೆಸುವಂತಿರಲಿಲ್ಲ, ಹೆರಿಗೆ ಕೋಣೆಯಂತೂ ದೂರದ ಮಾತು. ಗಂಡು ಡಾಕ್ಟರ ಮುಂದೆ ಬಾರದ ಪರದೆಯ ಹೆಂಗಸರು ಚಿಕಿತ್ಸೆ ಸಿಗದೆ ಸಾಯುತ್ತಿದ್ದಾರೆಂದು ಕೇಳಿ, ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ರಾವಲ್ಪಿಂಡಿಯಲ್ಲಿ 1909ರ ಹೊತ್ತಿಗೆ ಹೆಂಗಸರು ಮಕ್ಕಳಿಗೆಂದೇ ಒಂದು ಆಸ್ಪತ್ರೆ ಏಳಲು ಕಾರಣರಾದರು. ಸಿಸ್ಟರುಗಳು ಡಾಕ್ಟರಾಗಲು ಬಿಡಿ ಎಂದು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟರು. 1913ರಲ್ಲಿ ಕಣ್ಣು ಮುಚ್ಚುವವರೆಗೂ ಒಪ್ಪಿಗೆ ಬರಲಿಲ್ಲ. ಅವರ ಪ್ರೇರಣೆಯಿಂದಲೇ ವೈದ್ಯಕೀಯ ಓದಿ ಅದೇ ರಾವಲ್ಪಿಂಡಿಯಲ್ಲಿ ಕೆಲಸ ಮಾಡಿದ ಆಸ್ಟ್ರಿಯದ ಆನಾ ಡೆಂಗೆಲ್ 1925ರಲ್ಲಿ ವಾಷಿಂಗ್ಟನ್‌ನಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಎಂಬ ಗುಂಪು ಕಟ್ಟಿದರು. ಇತ್ತ 1920ರಲ್ಲಿ ಗುಂಟೂರಿಗೆ ಬಂದ ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಪೋಪರ ವಿಶೇಷ ಅನುಮತಿ ಪಡೆದು ಸಿಸ್ಟರೂ ಆದರು, ಡಾಕ್ಟರಾಗಿಯೂ ಉಳಿದರು. ಎಲ್ಲ ಸಿಸ್ಟರುಗಳಿಗೂ ಬಾಗಿಲು ತೆರೆದದ್ದು 1936ರ ಫೆಬ್ರವರಿಯಲ್ಲಿ. 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದ ಗ್ಲೌರಿ 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕಂಡ ವೈದ್ಯಕೀಯ ಕಾಲೇಜಿನ ಕನಸು ಆರು ವರ್ಷದ ಮೇಲೆ ಅದೇ ಊರಲ್ಲಿ ಸೇಂಟ್ ಜಾನ್ಸ್ ಆಯಿತು.

ಇಷ್ಟು ದೂರದ ಇತಿಹಾಸ ಏಕೆ ತೆಗೆದೆ ಎಂದರೆ, ನಮ್ಮ ಊರಿಗೆ ಸಿಸ್ಟರುಗಳು ಬಂದಾಗ ಆ ಅನುಮತಿಗೆ ಕಾಲು ಶತಮಾನವಷ್ಟೇ ಆಗಿತ್ತು. ಅವರಿಗೆ ಹೆರಿಗೆ ವಾರ್ಡೆಂದರೆ ಹಲವು ವಿಭಾಗಗಳಲ್ಲಿ ಒಂದಲ್ಲ, ಹಿಂದಿನ ತಲೆಮಾರು ಹೋರಾಡಿ ಗಳಿಸಿಕೊಂಡ ಹಕ್ಕು. ಮುಂದೆ ಆ ವಾರ್ಡಿನ ಬಗ್ಗೆ ಮಾತೆತ್ತಿದಾಗಲೆಲ್ಲ ಸಮಿತಿಯ ಸಭೆಯಲ್ಲಿ ಗಾಳಿ ಏಕೆ ಬಿಗಿಯಾಗುತ್ತಿತ್ತೆಂದು ನನಗೆ ತಿಳಿಯಲು ವರ್ಷ ಹಿಡಿಯಿತು.

1980, 90ರ ದಶಕ ಅದರ ವೈಭವದ ಕಾಲ. ನೂರು ಹಾಸಿಗೆ, ವರ್ಷಕ್ಕೆ ಸಾವಿರದ ಮೇಲೆ ಹೆರಿಗೆ. ತೋಟದ ಕೂಲಿಯವರಿಗೆ ಬಿಲ್ಲಿನ ಹಿಂಬದಿಯಲ್ಲಿ ಸಿಸ್ಟರ್ ಸಣ್ಣಗೆ ‘ಬಿಟ್ಟಿದೆ’ ಎಂದು ಬರೆದರೆ ಮುಗಿಯಿತು, ಬಾಕಿ ಯಾರೂ ಕೇಳುತ್ತಿರಲಿಲ್ಲ. ಆ ಕೊರತೆಯನ್ನು ಜರ್ಮನಿಯಿಂದ ಬರುತ್ತಿದ್ದ ದೇಣಿಗೆ ತುಂಬುತ್ತಿತ್ತು. ಸೇಂಟ್ ಜಾನ್ಸ್‌ನಲ್ಲಿ ಓದಿದವರು ಗ್ರಾಮೀಣ ಸೇವೆಯ ಬಾಂಡ್ ತೀರಿಸಲು ಬರುತ್ತಿದ್ದರಿಂದ ಡಾಕ್ಟರ ಕೊರತೆಯೂ ಇರಲಿಲ್ಲ.

ಸಮಸ್ಯೆ

ನಾನು ಸಮಿತಿಗೆ ಹೋದಾಗ 2010ರ ದಶಕ ಅರ್ಧ ಕಳೆದಿತ್ತು. ಹೆರಿಗೆ ವರ್ಷಕ್ಕೆ ಇನ್ನೂರಕ್ಕಿಂತ ಕಡಿಮೆ. ನೂರು ಹಾಸಿಗೆಯಲ್ಲಿ ಮೂವತ್ತು ತುಂಬಿದರೆ ಹಬ್ಬ. ಐವತ್ತು ವರ್ಷದ ಕೆಳಗಿನ ಸಿಸ್ಟರುಗಳು ನಾಲ್ವರು ಮಾತ್ರ, ಹೊಸಬರು ಸಭೆಗೆ ಸೇರುವುದೇ ಅಪರೂಪ. ಒಂದು ಕಾಲಕ್ಕೆ ಸಂಬಳವಿಲ್ಲದೆ ಹಗಲೂ ರಾತ್ರಿ ದುಡಿಯುತ್ತಿದ್ದ ಸಿಸ್ಟರುಗಳ ಜಾಗದಲ್ಲಿ ಈಗ ಸಂಬಳದ ನರ್ಸುಗಳು. ಅವರಿಗೆ ನ್ಯಾಯವಾಗಿ ಕೊಡಬೇಕಾದ ಕನಿಷ್ಠ ವೇತನ, ಪಿಎಫ್ ಸೇರಿದರೆ ಖರ್ಚಿನ ಅರ್ಧ ಅಲ್ಲಿಗೇ. ಇಷ್ಟು ಕಾಲ ಆಸ್ಪತ್ರೆಯನ್ನು ಹೊತ್ತದ್ದು ವಿದೇಶಿ ಹಣಕ್ಕಿಂತ ಹೆಚ್ಚಾಗಿ ಸಿಸ್ಟರುಗಳ ಬಿಟ್ಟಿ ದುಡಿಮೆ ಎಂಬುದು ಲೆಕ್ಕ ಹಾಕಿದಾಗ ಗೊತ್ತಾಯಿತು. ಅದನ್ನು ಯಾವ ಆಡಿಟರೂ ಆದಾಯದ ಕಡೆ ಬರೆದಿರಲಿಲ್ಲ.

ಹೆರಿಗೆ ಕಡಿಮೆಯಾದದ್ದಕ್ಕೆ ಎಲ್ಲರ ಬಳಿಯೂ ಉತ್ತರ ಸಿದ್ಧವಿತ್ತು: ಸರ್ಕಾರ. ಅದು ಸುಳ್ಳೂ ಅಲ್ಲ. 2005ರಲ್ಲಿ ಆಸ್ಪತ್ರೆ ಹೆರಿಗೆಗೆ ದುಡ್ಡು ಕೊಡುವ ಜನನಿ ಸುರಕ್ಷಾ, 2007ರಲ್ಲಿ ಬಾಣಂತಿ ಮಗುವಿನ ಸಾಮಾನಿನ ಮಡಿಲು ಕಿಟ್, 2008ರಲ್ಲಿ 108 ಆಂಬುಲೆನ್ಸ್, ಊರೂರಿಗೆ ಆಶಾ ಕಾರ್ಯಕರ್ತೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು 2019-21ರ ಹೊತ್ತಿಗೆ 97 ಆಯಿತು. ಸಿಸ್ಟರುಗಳು ಯಾವ ಕೊರತೆ ತುಂಬಲು ಬಂದಿದ್ದರೋ ಅದನ್ನು ಸರ್ಕಾರ ತುಂಬಿತ್ತು. ನನ್ನ ಇಲಾಖೆಯ ಕೆಲಸವೇ ಅದು, ಆದ್ದರಿಂದ ಒಳಗೊಳಗೇ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಆದರೆ ತಾಲ್ಲೂಕಿನ ಎರಡು ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಹೆರಿಗೆ ಹೆಚ್ಚುತ್ತಿತ್ತು. ಬಿಟ್ಟಿ ಸರ್ಕಾರಿ ಹೆರಿಗೆ ಜನರನ್ನು ಸೆಳೆದಿದ್ದರೆ ದುಡ್ಡು ಕೊಡುವ ಕಡೆ ಏಕೆ ಹೆಚ್ಚಬೇಕು? ಈ ಪ್ರಶ್ನೆ ನಾನು ಕೇಳಿದೆ. ಉತ್ತರಕ್ಕಾಗಿ ಆಗ ಯಾರೂ ನಿಲ್ಲಲಿಲ್ಲ, ನಾನೂ ಸೇರಿ.

ಮಾಡಿ ನೋಡಿದ್ದು

ಮೇಜಿನ ಮೇಲೆ ಮೂರು ದಾರಿಗಳಿದ್ದವು. ಸಾಲ ಮಾಡಿ ಹೊಸ ಆಪರೇಷನ್ ಥಿಯೇಟರ್, ಸ್ಕ್ಯಾನಿಂಗ್, ಪೂರ್ಣಾವಧಿ ಸ್ತ್ರೀರೋಗ ತಜ್ಞೆ. ಇಲ್ಲವೇ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಕಟ್ಟಡ ಗುತ್ತಿಗೆಗೆ ಕೊಡುವುದು. ಇಲ್ಲವೇ ಮುಚ್ಚಿ, ಜಾಗದಲ್ಲಿ ಶಾಲೆ. ಸಿಸ್ಟರುಗಳ ಸಭೆಯ ಈ ಪ್ರಾಂತ್ಯದ ಮುಖ್ಯಸ್ಥೆ, ಪ್ರೊವಿನ್ಶಿಯಲ್ ಮದರ್, ಮೊದಲನೆಯದನ್ನು ಆರಿಸಿದರು. ನಾನೂ ಕೈ ಎತ್ತಿದೆ. ಯಂತ್ರ ತಂದರೆ ಕೆಲಸ ಶುರುವಾದಂತೆ ಕಾಣುತ್ತದೆ. ಇಲಾಖೆಯಲ್ಲಿದ್ದಾಗ ಅದೇ ತಪ್ಪನ್ನು ಎಷ್ಟು ಸಲ ಕಂಡಿದ್ದೆನೋ, ಇಲ್ಲಿ ನಾನೇ ಮಾಡಿದೆ.

ಥಿಯೇಟರ್ ಚೆನ್ನಾಗಿಯೇ ಆಯಿತು. ಬಂದ ತಜ್ಞೆಯೂ ಒಳ್ಳೆಯ ಕೈ, ಒಳ್ಳೆಯ ಮಾತು. ಹೆರಿಗೆಗೆ ಪ್ಯಾಕೇಜು ದರ ಇಟ್ಟರು, ಪ್ರತಿ ಹೋಬಳಿಯಲ್ಲಿ ಕ್ಯಾಂಪ್ ಹಾಕಿದರು. ಬಸುರಿಯರು ಪರೀಕ್ಷೆಗೆ ಸಾಲುಗಟ್ಟಿ ಬಂದರು. ಹೊರರೋಗಿ ವಿಭಾಗದ ರಿಜಿಸ್ಟರ್ ತುಂಬಿತು. ಹೆರಿಗೆ ರಿಜಿಸ್ಟರ್ ತುಂಬಲಿಲ್ಲ. ಏಳನೇ ತಿಂಗಳವರೆಗೆ ನಮ್ಮ ಕಾರ್ಡು ಹಿಡಿದು ಬಂದ ಹೆಂಗಸು ಒಂಬತ್ತನೇ ತಿಂಗಳಲ್ಲಿ ಕಾಣೆ. ಒಂದೂವರೆ ವರ್ಷದ ಕೊನೆಗೆ ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಆಗ ನಾನು ಹತ್ತು ವರ್ಷದ ಹೆರಿಗೆ ರಿಜಿಸ್ಟರುಗಳನ್ನು ಕೆಳಗಿಳಿಸಿ, ದಾಖಲೆ ಕೋಣೆಯಲ್ಲಿ ನಾಲ್ಕು ದಿನ ಕೂತೆ. ನೀಲಿ ರಟ್ಟಿನ ಉದ್ದ ಪುಸ್ತಕಗಳು, ಒಳಗೆ ಸಾಲು ಸಾಲು ಗೆರೆ. ಹೆಸರು, ವಯಸ್ಸು, ಊರು, ಎಷ್ಟನೇ ಬಸಿರು, ಮಗುವಿನ ತೂಕ. ‘ಎಷ್ಟನೇ ಬಸಿರು’ ಎಂಬ ಕಾಲಮ್ಮಿನಲ್ಲಿ ಬೆರಳಿಟ್ಟು ಇಳಿಯುತ್ತಾ ಹೋದಾಗ ಕಣ್ಣಿಗೆ ಬಿತ್ತು: ಒಂದು, ಒಂದು, ಒಂದು, ಮೂರು, ಒಂದು, ಒಂದು. ಎರಡು ಎಲ್ಲಿ? ಹೋಲಿಸಲೆಂದು ತೆಗೆದ ಇಪ್ಪತ್ತು ವರ್ಷದ ಹಿಂದಿನ ಪುಸ್ತಕದಲ್ಲಿ ಒಂದು, ಎರಡು, ಮೂರು, ನಾಲ್ಕು ಎಲ್ಲ ಬೆರೆತಿದ್ದವು. ಈಚಿನದರಲ್ಲಿ ಚೊಚ್ಚಲ ಹೆರಿಗೆಯೇ ಮುಕ್ಕಾಲು ಪಾಲು. ಚೊಚ್ಚಲಿಗೆ ನಮ್ಮನ್ನು ನಂಬಿ ಬಂದವಳು ಎರಡನೆಯದಕ್ಕೆ ಬರುತ್ತಿರಲಿಲ್ಲ.

ಸೇವೆಯಲ್ಲಿ ಏನೋ ಕುಂದಿರಬೇಕು, ಯಾರೋ ಗದರಿಸಿರಬೇಕು ಎಂದುಕೊಂಡೆ. ಚಹಾ ತಂದ ಆಯಮ್ಮ ಪುಸ್ತಕದ ಮೇಲೆ ಇಣುಕಿ, ನನ್ನ ಗೊಂದಲ ಕೇಳಿ, ನಕ್ಕೇಬಿಟ್ಟರು.

“ಎರಡನೇದಕ್ಕೆ ಯಾರು ಬರ್ತಾರೆ ಸಾರ್ ಇಲ್ಲಿಗೆ? ಇಲ್ಲಿ ಆಪರೇಷನ್ ಮಾಡಲ್ವಲ್ಲ.”

ಮಲೆನಾಡಿನ ಹೆಂಗಸಿನ ಬಾಯಲ್ಲಿ ಬರೀ ‘ಆಪರೇಷನ್’ ಎಂದರೆ ಒಂದೇ ಅರ್ಥ, ಸಂತಾನಹರಣ ಶಸ್ತ್ರಚಿಕಿತ್ಸೆ. ಎರಡನೇ ಮಗುವಾದ ಕೂಡಲೇ, ಅದೇ ಹಾಸಿಗೆಯಲ್ಲಿ, ಮುಗಿಸಿಕೊಂಡು ಮನೆಗೆ ಹೋಗುವುದು ಇಲ್ಲಿನ ರೂಢಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆ ಮಾತು ಬೇರೆ. ಕ್ಯಾಥೊಲಿಕ್ ಆಸ್ಪತ್ರೆ ಇದನ್ನು ಮಾಡುವುದಿಲ್ಲ. ಕೃತಕ ಸಂತಾನ ನಿಯಂತ್ರಣ ಕೂಡದೆಂಬ ನಿಲುವನ್ನು 1968ರಲ್ಲಿ ಆರನೇ ಪಾಲ್ ಪೋಪರು ಮತ್ತೊಮ್ಮೆ ಗಟ್ಟಿ ಮಾಡಿದರು, ಅದು ಈಗಲೂ ಹಾಗೆಯೇ ಇದೆ. ನಾಲ್ಕೈದು ಮಕ್ಕಳ ಕಾಲದಲ್ಲಿ ಈ ನಿಯಮ ಆಸ್ಪತ್ರೆಗೆ ಅಷ್ಟಾಗಿ ತಟ್ಟಲಿಲ್ಲ, ಕೊನೆಯ ಹೆರಿಗೆ ಬೇರೆ ಕಡೆ ಹೋದರೂ ಮೊದಲ ಮೂರು ಇಲ್ಲಿಯೇ. ಎರಡಕ್ಕೆ ನಿಲ್ಲಿಸುವ ಕಾಲ ಬಂದಾಗ ಅರ್ಧ ಹೆರಿಗೆ ಒಮ್ಮೆಲೇ ಕೈಬಿಟ್ಟಿತು. ಮೊದಲನೆಯದು ಸಿಸೇರಿಯನ್ ಆಗಿದ್ದರಂತೂ ಎರಡನೆಯದನ್ನು ಯಾರು ಮಾಡುತ್ತಾರೋ ಅವರೇ ಜೊತೆಗೆ ಟ್ಯೂಬನ್ನೂ ಕಟ್ಟಲಿ ಎನ್ನುವುದು ಸಹಜ ತಾನೆ?

ಇದು ಆಯಮ್ಮನಿಗೆ ಗೊತ್ತಿತ್ತು. ಆಶಾ ಕಾರ್ಯಕರ್ತೆಯರಿಗೆ ಗೊತ್ತಿತ್ತು. ಆಮೇಲೆ ಕೇಳಿದರೆ, ಪ್ರತಿಯೊಬ್ಬ ಸಿಸ್ಟರಿಗೂ ಗೊತ್ತಿತ್ತು. ಲಕ್ಷಗಟ್ಟಲೆ ಸಾಲ ಮಾಡಿದ ಸಮಿತಿಯ ಒಂದೇ ಒಂದು ನಡಾವಳಿಯಲ್ಲೂ ಆ ಪದ ಇರಲಿಲ್ಲ. ರಿಜಿಸ್ಟರಿನಲ್ಲೂ ಅದಕ್ಕೆ ಕಾಲಂ ಇರಲಿಲ್ಲ. ಮಾಡದ ಕೆಲಸಕ್ಕೆ ಕಾಲಂ ಯಾರು ಹಾಕುತ್ತಾರೆ?

ಆ ಮಧ್ಯಾಹ್ನದ ಸಭೆ

ಮುಂದಿನ ಸಮಿತಿ ಸಭೆಯಲ್ಲಿ ನಾನು ಅಂಕಿ ಇಟ್ಟೆ. ಯಾರೂ ಮಾತಾಡಲಿಲ್ಲ. ತಜ್ಞೆ ಕೊನೆಗೆ ಬಾಯಿಬಿಟ್ಟರು. ಅವರೂ ಕ್ರೈಸ್ತರಲ್ಲ. ಹೆರಿಗೆ ಇಲ್ಲಿ ಆಗಲಿ, ಆಪರೇಷನ್ನಿಗೆ ಮಾತ್ರ ಮರುದಿನ ತಮ್ಮ ಗೆಳತಿಯ ನರ್ಸಿಂಗ್ ಹೋಮಿಗೆ ನಮ್ಮದೇ ಆಂಬುಲೆನ್ಸಿನಲ್ಲಿ ಕಳಿಸೋಣ, ಕಾಗದದಲ್ಲಿ ‘ಡಿಸ್ಚಾರ್ಜ್’ ಎಂದಿದ್ದರೆ ಸಾಕು ಎಂದರು. ವ್ಯವಹಾರ ಬಲ್ಲ ಇನ್ನೊಬ್ಬ ಸದಸ್ಯರು ತಲೆಯಾಡಿಸಿದರು. ನನಗೂ ಅದು ಜಾಣತನ ಎನ್ನಿಸಿತು.

ಆಗ ಆಡಳಿತಾಧಿಕಾರಿಯಾಗಿದ್ದ ಸಿಸ್ಟರ್ ಕೇರಳದವರು, ಕನ್ನಡವನ್ನು ಮಲಯಾಳದ ರಾಗದಲ್ಲಿ ಆಡುತ್ತಿದ್ದರು. “ಆ ಬಾಗಿಲಿಂದ ಹೊರಗೆ ಹಾಕಿ ಈ ಬಾಗಿಲಿಂದ ಒಳಗೆ ತರೋದಾದ್ರೆ, ನಮಗೆ ನಿಯಮ ಇದೆ ಅಂತ ಯಾಕೆ ಹೇಳೋದು? ಮಾಡೋದಾದ್ರೆ ಮಾಡಬೇಕು. ಮಾಡಲ್ಲ ಅಂದ್ರೆ ಅವಳಿಗೆ ಮೊದಲೇ ಹೇಳಬೇಕು.”

ಆ ನಿಯಮ ನನಗೆ ಒಪ್ಪಿಗೆಯಿಲ್ಲ. ಸಭೆಯಲ್ಲೂ ಹೇಳಿದೆ, ಇಲ್ಲೂ ಹೇಳುತ್ತೇನೆ. 1936ರಲ್ಲಿ ಒಂದು ನಿಯಮ ಬದಲಾಗಿದ್ದಕ್ಕೇ ಈ ಆಸ್ಪತ್ರೆ ಹುಟ್ಟಿತಲ್ಲ, ಇನ್ನೊಂದು ಏಕೆ ಬದಲಾಗಬಾರದು ಎಂದೂ ಕೇಳಿದೆ. ಬದಲಾಯಿಸುವುದು ಅವರ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಸಿಸ್ಟರ್ ಹೇಳಿದ ಎರಡನೇ ಮಾತು ನನ್ನನ್ನು ಚುಚ್ಚಿತು. ಒಂಬತ್ತು ತಿಂಗಳು ನಮ್ಮಲ್ಲಿ ತೋರಿಸಿಕೊಂಡು, ನೋವು ಶುರುವಾದ ಮೇಲೆ ‘ಇಲ್ಲಿ ಆಪರೇಷನ್ ಇಲ್ಲ’ ಎಂದು ತಿಳಿದು ಆಟೋದಲ್ಲಿ ಬೇರೆ ಕಡೆ ಓಡಿದ ಬಸುರಿಯರು ಇದ್ದರು. ಅದರಲ್ಲಿ ಒಬ್ಬಳಿಗೆ ದಾರಿಯಲ್ಲೇ ಹೆರಿಗೆಯಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು, ಅದು ದೈವದ ಪುಣ್ಯ. ನಿಯಮ ತಪ್ಪೋ ಸರಿಯೋ, ಅದನ್ನು ಹೇಳದೆ ಇಟ್ಟದ್ದು ಮಾತ್ರ ನಿಸ್ಸಂಶಯವಾಗಿ ತಪ್ಪು. ಅದಕ್ಕೆ ರೋಮಿನ ಅನುಮತಿ ಬೇಕಿರಲಿಲ್ಲ.

ಮೊದಲ ನಿಜವಾದ ತೀರ್ಮಾನ ಅವತ್ತು ಆಯಿತು. ಬಸುರಿ ಮೊದಲ ಸಲ ತೋರಿಸಿಕೊಳ್ಳಲು ಬಂದ ದಿನವೇ, ಈ ಆಸ್ಪತ್ರೆಯಲ್ಲಿ ಏನೇನು ಮಾಡುವುದಿಲ್ಲ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು, ಕಾರ್ಡಿನ ಮೇಲೆ ಮುದ್ರಿಸುವುದು, ಬೇಕಾದವರಿಗೆ ದಾಖಲೆಗಳ ಪ್ರತಿ ಕೊಟ್ಟು ಕಳಿಸುವುದು. ಹೆರಿಗೆ ಇನ್ನೂ ಕುಸಿಯಿತು, ಆರು ತಿಂಗಳಲ್ಲಿ ವಾರಕ್ಕೊಂದಕ್ಕೆ ಇಳಿಯಿತು. ತಜ್ಞೆ ಬೇಸತ್ತು ನಗರಕ್ಕೆ ಹೋದರು. ಅವರನ್ನು ದೂರುವಂತಿಲ್ಲ.

ಇನ್ನೊಂದು ಪುಸ್ತಕ

ಕಾನ್ವೆಂಟುಗಳಲ್ಲಿ ಒಂದು ಅಭ್ಯಾಸವಿದೆ. ಮನೆಯ ದಿನಚರಿಯನ್ನು ‘ಕ್ರಾನಿಕಲ್’ ಎಂಬ ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಚ್ಚುವ ಮಾತು ಜೋರಾದಾಗ, ನಿವೃತ್ತ ಸಿಸ್ಟರ್ ಒಬ್ಬರು ಮೊದಲ ವರ್ಷಗಳ ಕ್ರಾನಿಕಲ್ ತೆಗೆದು ಸಮಿತಿಗೆ ಓದಿದರು. ಎಂಬತ್ತು ದಾಟಿದವರು, ಸಾವಿರಾರು ಮಕ್ಕಳನ್ನು ಕೈಯಲ್ಲಿ ಹಿಡಿದವರು, ಹೆರಿಗೆ ವಾರ್ಡ್ ಉಳಿಸಲು ವಾದ ಮಾಡಲೆಂದೇ ತಂದಿದ್ದರು. ಓದುತ್ತಾ ಹೋದಂತೆ ಬೇರೆಯೇ ಒಂದು ವಿಷಯ ಮೇಲೆ ಬಂತು. ಮೊದಲ ವರ್ಷ ಹೆರಿಗೆಗೆ ಕರೆ ಬಂದದ್ದು ಕೆಲವೇ ಸಲ. ಸೂಲಗಿತ್ತಿಯರಿದ್ದಾಗ ಹೊಸಬರನ್ನು ಯಾರು ನಂಬುತ್ತಾರೆ? ಸಿಸ್ಟರುಗಳು ಹೆಚ್ಚು ನಡೆದದ್ದು ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಕ್ಷಯದಿಂದ, ಹುಣ್ಣಿನಿಂದ, ಮುಪ್ಪಿನಿಂದ ಮಲಗಿದವರ ಹತ್ತಿರಕ್ಕೆ. ಇಂಥವರ ಮನೆಗೆ ಹೋಗಿ ಹುಣ್ಣು ತೊಳೆದೆವು, ಇಂಥವರು ರಾತ್ರಿ ತೀರಿಕೊಂಡರು, ಹತ್ತಿರವಿದ್ದೆವು. ಪುಟದ ಮೇಲೆ ಪುಟ ಹೀಗೆಯೇ. ಹೆರಿಗೆಗೆ ಜನ ಬರಲು ಶುರುವಾದದ್ದು ಆಮೇಲೆ.

ಓದಿ ಮುಗಿಸಿದ ಅಜ್ಜಿ ಸಿಸ್ಟರ್ ಕನ್ನಡಕ ತೆಗೆದು ಸುಮ್ಮನೆ ಕೂತರು. ವಾರ್ಡು ಮುಚ್ಚಬಾರದೆಂದು ಮತ್ತೆ ಅವರು ಹೇಳಲಿಲ್ಲ. ಮುಚ್ಚಿ ಎಂದೂ ಹೇಳಲಿಲ್ಲ.

ಅದೇ ಹೊತ್ತಿಗೆ ಕಿರಿಯ ಸಿಸ್ಟರ್ ಒಬ್ಬರು ತಮ್ಮಷ್ಟಕ್ಕೆ ಸ್ಕೂಟರಿನಲ್ಲಿ ಮನೆಗಳಿಗೆ ಹೋಗುತ್ತಿದ್ದರು. ಎಲೆಅಡಿಕೆ, ಹೊಗೆಸೊಪ್ಪಿನ ಈ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ಬಹಳ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಆಪರೇಷನ್, ವಿಕಿರಣ ಎಲ್ಲ ಮುಗಿದು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತಿನೊಂದಿಗೆ ವಾಪಸಾದವರನ್ನು ನೋಡುವವರೇ ಇರಲಿಲ್ಲ. ಹುಣ್ಣಿನ ವಾಸನೆಗೆ ನೆಂಟರು ಬರುವುದು ನಿಲ್ಲಿಸುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್. ಸಿಸ್ಟರ್ ಡೈರಿಯಲ್ಲಿ ಇಂಥ ಮೂವತ್ತೆಂಟು ಮನೆಗಳ ಪಟ್ಟಿಯಿತ್ತು, ಒಂದೇ ತಾಲ್ಲೂಕಿನಲ್ಲಿ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಂಥದ್ದೊಂದು ಪಟ್ಟಿಯನ್ನು ಯಾರೂ ನನ್ನ ಬಳಿ ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

ವಾಸಿಯಾಗದ ರೋಗಿಯ ನೋವು ತಗ್ಗಿಸಿ ನೋಡಿಕೊಳ್ಳುವ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್, ಹೊಸ ಆವಿಷ್ಕಾರವೇನಲ್ಲ. ಕೋಯಿಕ್ಕೋಡಿನಲ್ಲಿ 1993ರಿಂದ ನಡೆದಿದೆ, ಬೆಂಗಳೂರಿನ ಕರುಣಾಶ್ರಯ 1999ರಿಂದ ರೋಗಿಗಳನ್ನು ಇಟ್ಟುಕೊಳ್ಳುತ್ತಿದೆ. ನಮಗೆ ಅಡ್ಡ ನಿಂತದ್ದು ಮಾರ್ಫಿನ್, ಗಸಗಸೆ ಗಿಡದ ಅಫೀಮಿನಿಂದ ತೆಗೆಯುವ ಬಲವಾದ ನೋವಿನ ಔಷಧಿ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. ಗಸಗಸೆ ಬೆಳೆಯುವ ದೇಶದಲ್ಲಿ ರೋಗಿ ನೋವಿನಲ್ಲಿ ಸಾಯುವ ವಿಪರೀತ ಇದು. 2014ರ ತಿದ್ದುಪಡಿ ದಾರಿ ಸಲೀಸು ಮಾಡಿತು. ತರಬೇತಾದ ವೈದ್ಯರಿರುವ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟರೆ ಸಾಕು. ಸಮಿತಿಯಲ್ಲಿ ನಾನು ಮಾಡಿದ ಒಂದೇ ಸಾರ್ಥಕ ಕೆಲಸವೆಂದರೆ ಆ ಅರ್ಜಿಯ ಹಿಂದೆ ಓಡಾಡಿದ್ದು. ಬಾಂಡ್ ತೀರಿಸಲು ಬಂದಿದ್ದ ಹುಡುಗಿ ಡಾಕ್ಟರ್ ಆರು ವಾರ ತರಬೇತಿಗೆ ಹೋಗಿ ಬಂದಳು, ಬಾಂಡ್ ಮುಗಿದ ಮೇಲೂ ಎರಡು ವರ್ಷ ಉಳಿದಳು.

ತಪ್ಪಿದ್ದು ಎಲ್ಲೆಲ್ಲಿ

ಮೊದಲ ಹತ್ತು ಹಾಸಿಗೆಯ ಉಪಶಮನ ವಾರ್ಡನ್ನು ಹೆರಿಗೆ ವಾರ್ಡಿನ ಎದುರು ಸಾಲಿನಲ್ಲಿ ಇಟ್ಟೆವು. ಖಾಲಿ ಇದ್ದದ್ದು ಅದೇ ಎಂಬ ಕಾರಣಕ್ಕೆ. ಬಾಣಂತಿಯರ ಮನೆಯವರು ಎರಡೇ ವಾರದಲ್ಲಿ ತಿರುಗಿಬಿದ್ದರು. ಹೆಣ ಹೊರಟ ಹಾದಿಯಲ್ಲೇ ಹಸುಗೂಸನ್ನು ಕರೆತರುವುದು ಹೇಗೆ ಎಂದು ಕೇಳಿದರು. ಸಿಸ್ಟರುಗಳಿಗೆ ಹುಟ್ಟು ಸಾವು ಒಂದೇ ಪ್ರಾರ್ಥನೆಯ ಎರಡು ತುದಿ. ಊರಿಗೆ ಅದು ಸೂತಕ. ನಾನು ಇದೇ ನೆಲದವನು, ನನಗಾದರೂ ಹೊಳೆಯಬೇಕಿತ್ತು. ವಾರ್ಡನ್ನು ಹಿಂಬದಿಯ ಹಳೆ ಹಂಚಿನ ಕಟ್ಟಡಕ್ಕೆ, ಅದೇ ಮೊದಲ ಡಿಸ್ಪೆನ್ಸರಿಗೆ, ಬೇರೆ ಗೇಟು ಇಟ್ಟು ಸಾಗಿಸಿದೆವು. ಅಷ್ಟರಲ್ಲಿ ‘ಸಾಯೋರ ಆಸ್ಪತ್ರೆ’ ಎಂಬ ಹೆಸರು ಬಂದಾಗಿತ್ತು. ಅದು ಅಳಿಯಲು ಮೂರು ವರ್ಷ ಬೇಕಾಯಿತು. ಅಳಿಸಿದ್ದು ಪ್ರಚಾರವಲ್ಲ, ವಾರ್ಡಿನಿಂದ ನೋವು ತಗ್ಗಿ ಮನೆಗೆ ಮರಳಿ, ಮಗಳ ಮದುವೆ ಕಂಡು, ಆಮೇಲೆ ತೀರಿಕೊಂಡ ನಾಲ್ಕೈದು ಮಂದಿ.

ಇದಕ್ಕಿಂತ ದೊಡ್ಡ ತಪ್ಪು ಸಿಬ್ಬಂದಿಯ ವಿಷಯದಲ್ಲಿ ಆಯಿತು. ಹೆರಿಗೆ ವಾರ್ಡ್ ಕೊನೆಗೂ ಮುಚ್ಚುವುದೆಂದು ತೀರ್ಮಾನವಾದಾಗ ಹನ್ನೆರಡು ಮಂದಿಗೆ ಕೆಲಸವಿಲ್ಲವಾಗುತ್ತಿತ್ತು. ಅವರಿಗೆ ವಿಷಯ ಗೊತ್ತಾದದ್ದು ನೋಟಿಸ್ ಬೋರ್ಡಿನಿಂದ. ಅದೂ ಒಂದು ಶನಿವಾರ ಸಂಜೆ. ಹದಿನೆಂಟು ವರ್ಷ ದುಡಿದ ನರ್ಸೊಬ್ಬರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು, ಕೊಟ್ಟದ್ದು ಸರಿಯೇ. ಎರಡನೇ ಬಾರಿ ಕುಳಿತು ಮಾತಾಡಿದಾಗ ಏಳು ಮಂದಿ ಮನೆಮನೆ ಆರೈಕೆಯ ತರಬೇತಿ ಪಡೆದು ಉಳಿದರು. ಐವರು ಪರಿಹಾರ ತೆಗೆದುಕೊಂಡು ಹೋದರು. ಆ ಏಳು ಮಂದಿ ಮೊದಲ ಸಲವೇ ಉಳಿಯುತ್ತಿದ್ದರು, ಯಾರಾದರೂ ಕೇಳಿದ್ದರೆ. ರೋಗಿಗೆ ಸತ್ಯ ಮೊದಲೇ ಹೇಳಬೇಕೆಂದು ನಿರ್ಧರಿಸಿದ ಅದೇ ಮೇಜು, ಅದೇ ಜನ, ನೌಕರರಿಗೆ ಹೇಳುವಾಗ ಮರೆತಿದ್ದೆವು.

ಎಚ್ಚರದಿಂದ ಮಾಡಿದ್ದೂ ಒಂದಿದೆ. ವಾರ್ಡ್ ಮುಚ್ಚುವ ಎಂಟು ತಿಂಗಳ ಮೊದಲೇ ತಾಲ್ಲೂಕು ಸರ್ಕಾರಿ ಆಸ್ಪತ್ರೆಯೊಂದಿಗೆ ಮಾತಾಡಿ, ನಮ್ಮಲ್ಲಿ ತೋರಿಸಿಕೊಳ್ಳುತ್ತಿದ್ದ ಪ್ರತಿ ಬಸುರಿಯ ದಾಖಲೆಯನ್ನು ಅಲ್ಲಿಗೆ ದಾಟಿಸಿದೆವು. ಹೊಸ ಥಿಯೇಟರಿನ ಸಲಕರಣೆಯಲ್ಲಿ ಮಾರಬಹುದಾದದ್ದನ್ನು ಮಾರಿ ಸಾಲದ ಒಂದು ಭಾಗ ತೀರಿತು. ಉಳಿದದ್ದನ್ನು ಸಿಸ್ಟರುಗಳ ಸಭೆಯೇ ತೀರಿಸಿತು, ಬೇರೊಂದು ಊರಿನ ಜಾಗ ಮಾರಿ. ಆ ಸಾಲಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ ಎಂಬುದು ಈಗಲೂ ಮುಜುಗರ.

ಆದದ್ದು

ಈಗ ಆಸ್ಪತ್ರೆಯಲ್ಲಿ ನಲವತ್ತು ಹಾಸಿಗೆ. ಸಾಮಾನ್ಯ ಚಿಕಿತ್ಸೆ, ಪ್ರಯೋಗಾಲಯ, ಔಷಧ ಅಂಗಡಿ, ಮುಪ್ಪಿನವರ ಆರೈಕೆ, ಜೊತೆಗೆ ಉಪಶಮನ ವಾರ್ಡು ಮತ್ತು ಎರಡು ಜೀಪುಗಳ ಮನೆಭೇಟಿ. ಮನೆಭೇಟಿಗೆ ಶುಲ್ಕವಿಲ್ಲ. ಆರೋಗ್ಯ ಯೋಜನೆಗಳ ಪ್ಯಾಕೇಜುಗಳು ಶಸ್ತ್ರಚಿಕಿತ್ಸೆಯ ಸುತ್ತ ಹೆಣೆದಂಥವು. ಹುಣ್ಣು ತೊಳೆದು, ಮಾತ್ರೆ ಕೊಟ್ಟು, ಹೆಂಡತಿಯ ಜೊತೆ ಅರ್ಧ ಗಂಟೆ ಕೂತು ಬರುವುದನ್ನು ಯಾವ ಶೀರ್ಷಿಕೆಯಲ್ಲಿ ಹಾಕುತ್ತೀರಿ? ವಿದೇಶಿ ದೇಣಿಗೆ, ನಿಯಮಗಳು ಬಿಗಿಯಾದ ಮೇಲೆ, ನಿಂತೇಹೋಗಿದೆ.

ದುಡ್ಡು ಬಂದದ್ದು ಯಾರೂ ಎಣಿಸದ ಕಡೆಯಿಂದ. ವಾರ್ಡಿನಲ್ಲಿ ತಂದೆಯನ್ನು ಕಳೆದುಕೊಂಡ ಕಿರಾಣಿ ಅಂಗಡಿಯವರೊಬ್ಬರು ತಮ್ಮ ಗಲ್ಲಾದ ಪಕ್ಕ ಒಂದು ಡಬ್ಬಿ ಇಟ್ಟರು. ನಂತರ ಅಡಿಕೆ ಮಂಡಿಯಲ್ಲಿ, ಮಸೀದಿಯ ಎದುರಿನ ಬೇಕರಿಯಲ್ಲಿ, ದೇವಸ್ಥಾನದ ರಸ್ತೆಯ ಹೂವಿನ ಅಂಗಡಿಯಲ್ಲಿ. ಸ್ತ್ರೀಶಕ್ತಿ ಸಂಘದ ಹೆಂಗಸರು ಹಳೆಯ ಮುಷ್ಟಿ ಅಕ್ಕಿಯ ಪದ್ಧತಿಯನ್ನು ತಿರುಗಿ ತಂದು, ಅಡುಗೆಗೆ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ತಿಂಗಳಿಗೊಮ್ಮೆ ವಾರ್ಡಿನ ಅಡುಗೆಮನೆಗೆ ಕಳಿಸುತ್ತಾರೆ. ಇದು ಖರ್ಚನ್ನೆಲ್ಲ ತುಂಬುವುದಿಲ್ಲ. ಜೀಪಿನ ಡೀಸೆಲ್ಲು, ಔಷಧಿ, ಊಟ ನಡೆಯುತ್ತದೆ, ಸಂಬಳಕ್ಕೆ ಪ್ರಯೋಗಾಲಯ ಮತ್ತು ಔಷಧ ಅಂಗಡಿಯ ಉಳಿತಾಯ ಬೇಕು. ಎರಡು ವರ್ಷ ಕೊರತೆ ಬಂತು, ಒಂದು ವರ್ಷ ಸಮ.

ಆಸ್ಪತ್ರೆಯ ಧ್ಯೇಯವಾಕ್ಯ ಬದಲಾಗಿಲ್ಲ, ಗೋಡೆಯ ಮೇಲೆ ಹಾಗೆಯೇ ಇದೆ. ಮುಚ್ಚಿದ ಹೆರಿಗೆ ವಾರ್ಡಿನ ಬಗ್ಗೆ ಸಿಸ್ಟರುಗಳಲ್ಲಿ ಇಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ನಾನಿಟ್ಟ ಅಂಕಿಯೇ ಅದನ್ನು ಕೊಂದಿತು ಎಂದು ಅವರ ಭಾವನೆ. ಅದರಲ್ಲಿ ಸ್ವಲ್ಪ ನಿಜವಿದೆ. ಹೆರಿಗೆ ಮಾಡಿಸುವ ಹಕ್ಕಿಗಾಗಿ ಕಾದವರ ಪರಂಪರೆಯಲ್ಲಿ ಬಂದವರಿಗೆ, ಅದನ್ನು ತಾವಾಗಿ ಬಿಟ್ಟುಕೊಡುವುದು ಎಂಥದ್ದೆಂದು ಹೊರಗಿನವನಾದ ನನಗೆ ಪೂರ್ತಿ ತಿಳಿದೀತೆ? ಇದೇ ಸಮಸ್ಯೆ ಇರುವ ಬೇರೊಂದು ಆಸ್ಪತ್ರೆಯವರು ನಮ್ಮಲ್ಲಿಗೆ ಬಂದು, ಹಾಗಾದರೆ ನಾವೂ ಉಪಶಮನ ಆರೈಕೆ ಶುರು ಮಾಡಬೇಕೇ ಎಂದು ಕೇಳಿದರು. ಮೊದಲು ನಿಮ್ಮ ಊರಿನ ಆಯಮ್ಮನನ್ನು ಕೇಳಿ ಎಂದೆ. ತಮಾಷೆಯೆಂದು ನಕ್ಕರು. ಅವರ ಊರಲ್ಲಿ ತುಂಬಬೇಕಾದ ಕೊರತೆ ಡಯಾಲಿಸಿಸ್ಸೋ, ಬುದ್ಧಿಮಾಂದ್ಯ ಮಕ್ಕಳ ಆರೈಕೆಯೋ, ನನಗೇನು ಗೊತ್ತು.

ಈಗಿನ ಚಿಂತೆ ಬೇರೆ. ಮುಂದಿನ ಹತ್ತು ವರ್ಷದಲ್ಲಿ ಇಲ್ಲಿ ಒಬ್ಬ ಸಿಸ್ಟರೂ ಇರದಿರಬಹುದು. ಆಗ ಇದನ್ನು ಸಿಸ್ಟರ್ ಆಸ್ಪತ್ರೆ ಎನ್ನುವುದು ಹೇಗೆ ಎಂದು ಕಂಡಕ್ಟರಿಗೆ ತೊಂದರೆಯಿಲ್ಲ, ಸಿಸ್ಟರುಗಳ ಸಭೆಗಿದೆ. ಮಾರ್ಫಿನ್ ಇಡುವ ಕಪಾಟಿಗೆ ಎರಡು ಬೀಗ. ಒಂದು ಕೀಲಿ 
ಔಷಧ ವಿಭಾಗದವರ ಬಳಿ, ಇನ್ನೊಂದು ಮೊದಲಿನಿಂದಲೂ ಒಬ್ಬ ಸಿಸ್ಟರಿನ ಸೊಂಟದಲ್ಲಿ. ಕಳೆದ ವರ್ಷ ಆ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಸಮಿತಿಯಲ್ಲಿ ಅರ್ಧ ಗಂಟೆ ಚರ್ಚೆಯಾಗಿ, ಕೀಲಿಯನ್ನು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದ ಅದೇ ನರ್ಸಿನ ಕೈಗೆ ಕೊಟ್ಟರು. ಅವರು ಮುಸ್ಲಿಂ ಹೆಣ್ಣುಮಗಳು, ಉಳಿದ ಏಳು ಮಂದಿಯಲ್ಲಿ ಹಿರಿಯರು. ಸಿಸ್ಟರ್ ಹೊರಡುವ ಮುನ್ನ ಇಬ್ಬರೂ ಕಪಾಟಿನ ಮುಂದೆ ನಿಂತು ಹತ್ತು ಮಿಲಿಗ್ರಾಂ ಮಾತ್ರೆಗಳ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ, ಪುಸ್ತಕದಲ್ಲಿ ರುಜು ಹಾಕಿದರು. ಸೋಮವಾರ ನಾನು ಮತ್ತೊಮ್ಮೆ ಎಣಿಸಿದೆ. ಲೆಕ್ಕ ಸರಿಯಿತ್ತು.